ಸೈಕಲ್ ಬಿಟ್ಟು ಓಡಿದವನು

“ಏ ತಮ್ಮಾ, ನಿಂದ್ರೋ! ಸೈಕಲ್ ಮರ್ತ ಹೊಂಟೀಯಲ್ಲೋ!”

ಓಡುತ್ತಲೇ ತಿರುಗಿ ನೋಡಿದೆ. ತಾಂಬಾ ರಸ್ತೆಯಲ್ಲಿ ಕುರಿ ಕಾಯುತ್ತಿದ್ದ ಹೆಂಗಸೊಬ್ಬರು ಸೀರೆ ಎತ್ತಿ ಕಟ್ಟಿ, ನನ್ನ ಸೈಕಲ್ ತಳ್ಳಿಕೊಂಡು ಓಡಿ ಬರುತ್ತಿದ್ದರು. ವಯಸ್ಸು ಅರವತ್ತರ ಮೇಲೆ, ಕಾಲಲ್ಲಿ ಹವಾಯಿ ಚಪ್ಪಲಿ. ನನ್ನ ಕಾಲಲ್ಲಿ ಹೊಸ ಬೂಟು. ಆದರೂ ನಾನು ನಿಲ್ಲುವಷ್ಟರಲ್ಲಿ ನನ್ನನ್ನು ದಾಟಿ, ಸೈಕಲ್ ಅಡ್ಡ ಹಿಡಿದು ನಿಂತೇಬಿಟ್ಟರು.

ಈಜು, ಸೈಕಲ್, ಓಟ ಮೂರನ್ನೂ ಬೆನ್ನುಬೆನ್ನಿಗೆ ಮಾಡುವ ಟ್ರಯಥ್ಲಾನ್‌ಗೆ ನಲವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಹೆಸರು ಕೊಟ್ಟಿದ್ದೇನೆ. ಸೈಕಲ್ ಇಳಿದ ಕೂಡಲೇ ಓಡುವುದು ರೂಢಿಯಾಗಲಿ ಎಂದು, ಬೇವಿನ ಗಿಡಕ್ಕೆ ಅದನ್ನು ಆನಿಸಿ ಓಟ ಕಿತ್ತಿದ್ದೆ.

“ನಾಯಿ ಬೆನ್ನ ಹತ್ತಿತ್ತೇನ? ಹಂಗ್ಯಾಕ ಎದ್ದು ಬಿದ್ದು ಓಡಾಕತ್ತಿದ್ದಿ?” ಎಂದು ಕೇಳಿದರು. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಏದುಸಿರು ನನಗೆ ಮಾತ್ರ, ಅವರಿಗಲ್ಲ.

ಅಷ್ಟರಲ್ಲಿ ಕಾಯುವವರಿಲ್ಲದ ಅವರ ಕುರಿಗಳು ಯಾರದೋ ತೊಗರಿ ಹೊಲಕ್ಕೆ ನುಗ್ಗಿದ್ದವು. “ಓಡೂದ ಐತೆಲ್ಲೋ ನಿನಗ? ಇಲ್ಲಿ ಓಡು ಬಾ!” ಎಂದವರೇ ಮುಂದೆ ಓಡಿದರು, ಹಿಂದೆ ನಾನು. ಕೊನೆಯ ಕುರಿ ಹೊರಬೀಳುವ ಹೊತ್ತಿಗೆ ನಾನು ಒಡ್ಡಿನ ಮೇಲೆ ಕುಸಿದು ಕೂತಿದ್ದೆ. ಅವರು ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದರು.

ಈಗ ಅವರಿಗೆ ಹೇಳಿಯೇ ಸೈಕಲ್ ಬಿಟ್ಟು ಓಡುತ್ತೇನೆ. ಸ್ಪರ್ಧೆಯ ದಿನ ನನ್ನನ್ನು ಹಿಂದೆ ಹಾಕುವವರಿಗೇನೂ ಬರವಿರುವುದಿಲ್ಲ. ಆದರೆ ತಮ್ಮ ಕುರಿ ಬಿಟ್ಟು, ನನ್ನದೇ ಸೈಕಲ್ ತಳ್ಳಿಕೊಂಡು ಬಂದು ಹಿಂದೆ ಹಾಕುವವರು ಅಲ್ಲಿ ಒಬ್ಬರೂ ಇರಲಿಕ್ಕಿಲ್ಲ.