ಹೊಡೆದವರು ತಂದ ಎಳನೀರು

ನನ್ನ ಕೆನ್ನೆಗೆ ಹೊಡೆದವನ ಮನೆಯವರು ನನಗಾಗಿ ಒಂದು ಗೊನೆ ಎಳನೀರು ತಂದಿದ್ದರು. ಕೆನ್ನೆಯ ಊತ ಇನ್ನೂ ಇಳಿದಿರಲಿಲ್ಲ. ಆಸ್ಪತ್ರೆಯ ಮ್ಯಾನೇಜರ್ ಕೋಣೆಯಲ್ಲಿ ಒಂದನ್ನು ಕೊಚ್ಚಿ, ಸ್ಟ್ರಾ ಹಾಕಿ ಮುಂದಿಟ್ಟು, "ಕುಡಿಯಮ್ಮ, ತಂಪಾಗ್ಲಿ" ಎಂದರು. ಬೆಳಗಿನಿಂದ ಡ್ಯೂಟಿ, ಬಾಯಾರಿತ್ತು. ಕುಡಿದೆ.

ಸಿಂದಗಿಯಿಂದ ತುಮಕೂರಿಗೆ ಬಂದು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆದ ಮೇಲೆ ನಾನು ಊರಿನಲ್ಲಿರುವ ನಿಮಗೆಲ್ಲ ಹೇಳಿದ್ದು ನಗುವ ಕಥೆಗಳನ್ನೇ. ಮುದ್ದೆಯನ್ನು ಅಗಿಯದೆ ನುಂಗಬೇಕು, ಜೋಳದ ರೊಟ್ಟಿ ಹುಡುಕಿಕೊಂಡು ಅಲೆಯಬೇಕು. "ನಿಮ್ದು ಕನ್ನಡಾನೇನಮ್ಮ?" ಎಂದು ಬಾಡಿಗೆ ಮನೆಯ ಓನರ್ ಆಂಟಿ ಕೇಳಿದ್ದಂತೂ ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ಎದುರು ಸಿಕ್ಕವರಿಗೆಲ್ಲ 'ರಿ' ಹಚ್ಚುತ್ತೇವೆ. ಇಲ್ಲಿ ಬಾರಮ್ಮ, ಹೋಗಮ್ಮ. ಮೊದಲು ಸಿಟ್ಟು ಬಂತು. ಆಮೇಲೆ ಅದರಲ್ಲಿರುವುದು ಸಲುಗೆ ಎಂದು ಒಪ್ಪಿಕೊಂಡೆ. ಕಾಲೇಜಿನ ಚರ್ಚಾಸ್ಪರ್ಧೆಗಳು ಕಲಿಸಿದ ಮೊದಲ ಪಾಠವೇ ಅದು: ಎದುರು ಪಕ್ಷದವರ ಮಾತು ನಿಜವಿದ್ದರೆ ಒಪ್ಪಿಬಿಡು.

ಆದರೆ ಕೆಲವನ್ನು ಒಪ್ಪಲು ಆಗುವುದಿಲ್ಲ. ಏಟು ಬಿದ್ದ ಆ ಮಧ್ಯಾಹ್ನ ಅಮೃತೂರು ಕಡೆಯವನೊಬ್ಬ, ಬೈಕಿನಿಂದ ಬಿದ್ದ ತಮ್ಮನನ್ನು ಕರೆತಂದ. ಹುಡುಗನ ಮೊಣಕೈ ಮುರಿದಿತ್ತು, ಚೀರುತ್ತಿದ್ದ. ನೋವಿಗೆ ಇಂಜೆಕ್ಷನ್ ಕೊಟ್ಟು, ಕೈ ಅಲುಗದಂತೆ ಕಟ್ಟಿ, ಕಾಯಲು ಹೇಳಿದೆ. ಅಷ್ಟರಲ್ಲಿ ಬೆಳ್ಳಾವಿಯ ಅಜ್ಜಿಯೊಬ್ಬರು ಸದ್ದಿಲ್ಲದೆ ಬಂದು ಕೂತರು. ಎದೆನೋವು, ಮೈಯೆಲ್ಲ ಬೆವರು. ನಾನು ಅತ್ತ ಓಡಿದೆ.

"ಚೀಟಿ ಮಾಡ್ಸಿದ್ದು ನಾವು ಮೊದ್ಲು" ಎಂದು ಅಣ್ಣ ಅಡ್ಡ ಬಂದ. "ನನ್ ತಮ್ಮ ಸಾಯ್ತಾವ್ನೆ. ಸುಮ್ನೆ ಕೂತಿರೋ ಅಜ್ಜೀನ ನೋಡ್ತೀಯಲ್ಲ?"

"ನಿಮ್ಮ ತಮ್ಮಗ ಚೀರಾಕಾದ್ರೂ ಉಸಿರದ. ಅವ್ರಿಗೆ ಅದೂ ಇಲ್ರಿ" ಎಂದೆ.

ಹೊಡೆದ. ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜೈಲು ಎಂಬ ಬೋರ್ಡು ಅವನ ತಲೆಯ ಮೇಲೆಯೇ ಇತ್ತು. ಅಜ್ಜಿ ಬದುಕುಳಿದರು. ನಾನು ಪೊಲೀಸರಿಗೆ ದೂರು ಕೊಟ್ಟೆ. ಅದನ್ನು ವಾಪಸ್ ತೆಗೆಸಲು ಬಂದದ್ದೇ ಈ ಎಳನೀರು.

ನಾನು ಸ್ಟ್ರಾ ಬಿಡುತ್ತಿದ್ದಂತೆ ಹೊಡೆದವನ ದೊಡ್ಡಪ್ಪ ಎದ್ದು ನಿಂತರು. "ಮುಗೀತಲ್ಲ, ನಡೀರಪ್ಪ."

"ಏನ್ ಮುಗೀತ್ರಿ?"

"ಕುಡಿದ್ಯಲ್ಲಮ್ಮ. ಕೊಟ್ಟಿದ್ದು ಕುಡಿದ್ಮೇಲೆ ಜಗಳ ಎಲ್ಲೈತೆ?"

ನಮ್ಮಲ್ಲಿ ನೀರು ಕುಡಿಯುವುದು ನೀರಡಿಕೆಗೆ. ಇಲ್ಲಿ ಅದು ರಾಜಿಯಂತೆ! ಪಕ್ಕದಲ್ಲಿದ್ದ ನಮ್ಮ ಇನ್‌ಚಾರ್ಜ್ ಸಿಸ್ಟರ್, ಗುಬ್ಬಿಯ ಮಂಜುಳಕ್ಕ, "ಬುಡೇ, ನಂಗೂ ಏಟು ಬಿದ್ದಾಗ ಹಿಂಗೇ ಕುಡಿದು ಸುಮ್ನಾಗಿದೀನಿ" ಎಂದು ಪಿಸುಗುಟ್ಟಿದರು. ಮ್ಯಾನೇಜರ್ ಆಗಲೇ ಕೈ ಕುಲುಕಲು ಎದ್ದಿದ್ದರು.

"ಮಗಳಿದ್ದಂಗೆ ನೀನು" ಎಂದರು ದೊಡ್ಡಪ್ಪ.

"ನಿಮ್ಮ ಮಗಳಿಗೆ ಯಾರರೆ ಹೊಡದ್ರ ಎಳನೀರು ಇಸ್ಕೊಂಡು ಬಿಡ್ತೀರೇನ್ರಿ?"

ಅವರು ಮತ್ತೆ ಕೂತರು. ದನಿ ತಗ್ಗಿಸಿದರು. "ನೋಡಮ್ಮ, ನೀನು ಪರವೂರೋಳು. ಇವತ್ತು ಇರ್ತೀಯ, ನಾಳೆ ಹೋಗ್ತೀಯ. ನಮ್ ಹುಡ್ಗ ಇಲ್ಲೇ ಬಾಳ್ಬೇಕು."

ಅವರ ಊಹೆ ಸರಿಯಾಗಿತ್ತು. ಏಟು ಬಿದ್ದ ಮೇಲೆ ನಾನು ರಾಜೀನಾಮೆ ಕೊಟ್ಟು ಊರಿಗೆ ಹೊರಡುವವಳೇ ಇದ್ದೆ. ನಾನು ಹೋದರೆ ದೂರೂ ಹೋದಂತೆ. ಅವರು ಕಾಯುತ್ತಿದ್ದುದೂ ಅದಕ್ಕೇ.

"ನಾ ಎಲ್ಲೂ ಹೋಗಂಗಿಲ್ರಿ" ಎಂದೆ. ಹೇಳಿದ ಮೇಲೆಯೇ ಅದು ನನಗೂ ತಿಳಿದದ್ದು.

ಹೊರಗೆ ಮಂಜುಳಕ್ಕ ಬೈದರು. "ಊರಿಗೋಯ್ತೀನಿ ಅಂತಿದ್ಯಲ್ಲೇ?"

"ಕೋರ್ಟಿನವ್ರು ಕರದಾಗೆಲ್ಲ ಸಿಂದಗಿಯಿಂದ ಬರಾಕಾಗ್ತದೇನಕ್ಕ?"

ಅವರು ವಾರ್ಡಿನ ಬಾಗಿಲ ಬಳಿ ನಿಂತು ನನ್ನತ್ತ ತಿರುಗಿದರು. "ಸಾಕ್ಷಿಗೆ ನನ್ ಹೆಸ್ರು ಹೇಳು. ಆ ಮ್ಯಾನೇಜರ್ ಏನ್ ಕಿತ್ಕೋತಾನೋ ನೋಡ್ತೀನಿ."

ಸಂಜೆ ಅಪ್ಪ ಫೋನ್ ಮಾಡಿದ. "ಯಾವಾಗ ಬರ್ತೀಯವಾ?"

"ಕೇಸ್ ಮುಗದ ಮ್ಯಾಲಪ್ಪ."

"ಕೇಸು ಎಲ್ಲಿ ಮುಗೀತಾವ ಮಗಳ?"

ಮಾತು ನಿಜ, ಒಪ್ಪಿಕೊಂಡೆ. ನಾನು ಬರಲಿ ಎಂದು ನೀವೆಲ್ಲ ಅಲ್ಲಿ ಕಾಯುತ್ತಿದ್ದೀರಿ. ನಾನು ಹೋಗಲಿ ಎಂದು ಹೊಡೆದವನು ಇಲ್ಲಿ ಕಾಯುತ್ತಿದ್ದಾನೆ. ನಿಮ್ಮ ಆಸೆ ಈಡೇರಿಸಿದರೆ ಅವನದೂ ಈಡೇರುತ್ತದೆ. ಅದಕ್ಕೇ ಬರುತ್ತಿಲ್ಲ.