ಮಸ್ತೂರಾ ಆಪಾರ ಉಳಿದೊಂದು ಕಣ್ಣು

ಕಪ್ಪು ಟೊಪ್ಪಿಯ ಮೇಲೆ ಬಿಳಿ ಬಾದಾಮಿ ಹೂವು ಹೊಲಿಯುವುದರಲ್ಲಿ ನಮ್ಮ ಚುಸ್ತ್ ಊರಿಗೆಲ್ಲ ಮಸ್ತೂರಾ ಆಪಾ, ಎಲ್ಲರ ಅಕ್ಕ, ಒಬ್ಬರೇ. ಅವರ ಟೊಪ್ಪಿ ಸಿಗದಿದ್ದರೆ ಮದುಮಗ ಮದುವೆಯನ್ನೇ ಮುಂದಕ್ಕೆ ಹಾಕುತ್ತಿದ್ದ. ಅಷ್ಟನ್ನೂ ಅವರು ಹೊಲಿದದ್ದು ಒಂಟಿ ಕಣ್ಣಿನಲ್ಲಿ. ಎಡಗಣ್ಣನ್ನು ಎಳವೆಯಲ್ಲೇ ದಡಾರ ನುಂಗಿತ್ತು.

ಈ ವಸಂತದಲ್ಲಿ ಉಳಿದ ಬಲಗಣ್ಣಿನ ಪೊರೆ ತೆಗೆಸಿದರು. ಪಕ್ಕದ ಮನೆಯವನು, ಮೇಲಾಗಿ ಕಾರಿರುವವನು ಎಂಬ ಎರಡು ಅಪರಾಧಗಳಿಗಾಗಿ ಆಸ್ಪತ್ರೆಗೆ ಕರೆದೊಯ್ಯುವ ಶಿಕ್ಷೆ ನನ್ನದು. ಪಟ್ಟಿ ಬಿಚ್ಚಿದಾಗ ಆಪಾ ಮೊದಲು ಕಂಡದ್ದು ನನ್ನ ಮುಖ. "ಅಯ್ಯೋ ತೋಹಿರ್, ನೀನ್ಯಾವಾಗ ಇಷ್ಟು ಮುದುಕ ಆದ್ಯೋ?"

ವಾರ ತುಂಬುವ ಮೊದಲೇ ಗೋಡೆಯಾಚೆಯಿಂದ ನರಳಾಟ ಕೇಳಿಸಿತು. ಹೋಗಿ ನೋಡಿದರೆ ಕಣ್ಣು ಸೀಳಿದ ದಾಳಿಂಬೆಯಾಗಿತ್ತು.

"ಮಂಜು ಕವಿದಂಗಿದೆ ತಮ್ಮಾ. ನಿನ್ನ ಮುಖ ಕಾಣ್ತಿಲ್ಲ."

ಈ ಸಲ ತಮಾಷೆಯಿರಲಿಲ್ಲ. ಅಂದು ನಾನು ಕಾರು ಓಡಿಸಿದ ಪರಿಗೆ ಹಿಂದಿನ ಸೀಟಿನಲ್ಲಿ ಆಪಾ ಕಣ್ಣಿನ ಜೊತೆ ಜೀವದ ಆಸೆಯನ್ನೂ ಬಿಟ್ಟಿರಬೇಕು.

ಪೊರೆ ತೆಗೆದಿದ್ದ ಡಾಕ್ಟರ್ ಝುಮ್ರದ್ ದೀಪ ಹಿಡಿದು ನೋಡಿದಳು. "ಚಿಕ್ಕಮ್ಮಾ, ಕಣ್ಣಿಗೆ ಏನ್ ಹಾಕಿದ್ರಿ?"

"ನೀನು ಕೊಟ್ಟ ಹನಿ ಬಿಟ್ರೆ ಏನೂ ಇಲ್ಲ ಮಗಳೇ."

"ನಿಜ ಹೇಳಿ."

"ಏನೂ ಇಲ್ಲ ಅಂದ್ನಲ್ಲ! ಬೆಳಿಗ್ಗೆ ಚಹಾದಲ್ಲಿ ತೊಳ್ಕೋತಿದ್ದೆ, ಅಷ್ಟೇ."

ರಾತ್ರಿ ಪಾತ್ರೆಯಲ್ಲಿ ಉಳಿದ ಹಸಿರು ಚಹಾದಲ್ಲೇ ನಮ್ಮಲ್ಲಿ ಹಸುಗೂಸಿನಿಂದ ಕುರಿಮರಿಯವರೆಗೆ ಎಲ್ಲರ ಕಣ್ಣನ್ನೂ ತೊಳೆಯುವುದು. ಅದನ್ನು ಯಾರೂ ಔಷಧವೆನ್ನುವುದಿಲ್ಲ; ನೀರಿನಂತೆ ಅದೂ ಲೆಕ್ಕಕ್ಕಿಲ್ಲ. ಝುಮ್ರದ್ ದೀಪ ಆರಿಸಿದಳು.

"ಆ ಚಹಾದ ಸೋಂಕು ಗಾಯಕ್ಕೆ ಇಳಿದು ಕಣ್ಣೊಳಗೆ ಕೀವು ಕಟ್ಟಿದೆ. ಮಾತ್ರೆ ಅಲ್ಲಿಗೆ ಮುಟ್ಟಲ್ಲ. ಈಗಲೇ ಇಂಜೆಕ್ಷನ್ ಕೊಡ್ಬೇಕು."

ಆಪಾ ತೋಳು ಮೇಲೇರಿಸಿದರು.

"ಕೈಗಲ್ಲ. ಕಣ್ಣೊಳಕ್ಕೆ."

ಆಪಾ ಎದ್ದೇ ನಿಂತರು. "ಇರೋದೊಂದು! ಅದನ್ನೂ ಚುಚ್ತೀಯೇನೇ? ತೋಹಿರ್, ಮನೆಗೆ ನಡಿ."

"ಇವತ್ತು ಮನೆಗೆ ಹೋದ್ರೆ ನಾಳೆ ಚುಚ್ಚೋಕೆ ಕಣ್ಣೇ ಇರಲ್ಲ ಚಿಕ್ಕಮ್ಮಾ."

ಆಪಾ ತಡಕಾಡಿ ನನ್ನ ಅಂಗಿಯ ತುದಿ ಹಿಡಿದರು. "ಸೂಜಿ ಎಷ್ಟು ಸಣ್ಣದೇ?" ಎಂದು ಕೊನೆಗೆ ಡಾಕ್ಟರನ್ನು ಕೇಳಿದರು.

"ನಿಮ್ಮ ಹೊಲಿಗೆ ಸೂಜಿಗಿಂತ ಸಣ್ಣದು."

"ಎಲ್ಲಿ, ಮುಟ್ಟಿ ನೋಡ್ತೀನಿ."

"ಮುಟ್ಟಬಾರದು!"

"ಸಣ್ಣದಿದ್ರೆ ಸಾಲದು, ಕೈ ನೆಟ್ಟಗಿರ್ಬೇಕು," ಎಂದು ಗೊಣಗುತ್ತಲೇ ಆಪಾ ಮಲಗಿದರು. ಮರಗಟ್ಟಿಸುವ ಹನಿ ಬಿತ್ತು. ಧೈರ್ಯ ಹೇಳಲೆಂದು ನಿಂತಿದ್ದ ನಾನು ಸೂಜಿ ಕಂಡೊಡನೆ ಗೋಡೆಗೆ ಒರಗಿ ಹಾಗೆಯೇ ಜಾರಿದೆ. ನನಗೆ ನೀರು ಚಿಮುಕಿಸಿ ಎಬ್ಬಿಸುವಷ್ಟರಲ್ಲಿ ಅವರದು ಮುಗಿದಿತ್ತು.

ಮಾರನೆಯ ದಿನ ಆಪಾರ ಕಣ್ಣಿಗೆ ಬರೀ ಕತ್ತಲೆ. ಡಾಕ್ಟರು ದೀಪ ಹಿಡಿದರೆ, "ಯಾವ ಕಡೆ ಹಿಡ್ದಿದ್ದೀಯ?" ಎಂದು ಆಪಾ ಕೇಳಿದರು. ನಾನು ಆಸ್ಪತ್ರೆಗೆ ತಂದ ರೊಟ್ಟಿಯನ್ನು ಮುಟ್ಟಲಿಲ್ಲ. "ನನ್ನನ್ನ ಯಾರು ನೋಡ್ಕೋತಾರೋ?" ಎಂದು ಗೋಡೆಗೆ ಮುಖ ಮಾಡಿದರು. ಊರನ್ನೆಲ್ಲ ನಗಿಸುವ ನಾನು ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಅದರ ಮರುದಿನ ಝುಮ್ರದ್ ಆಪಾರ ಮುಖದ ಮುಂದೆ ಕೈ ಆಡಿಸಿದಳು.

ಆಪಾ ತಲೆ ಎತ್ತಿದರು. "ಏನೋ... ಅಲ್ಲಾಡ್ತಿದೆ."

"ಏನು?"

"ಗೊತ್ತಿಲ್ಲ. ಆದ್ರೆ ಅಲ್ಲಾಡ್ತಿದೆ!"

"ಪೂರ್ತಿ ಬರುತ್ತೆ ಅಂತ ಮಾತು ಕೊಡಲಾರೆ," ಎಂದಳು ಝುಮ್ರದ್. "ಇನ್ನೊಂದು ಇಂಜೆಕ್ಷನ್ ಕೊಟ್ಟು ನೋಡ್ಬೇಕು."

ಆಕೆಯ ಮಾತು ಮುಗಿಯುವ ಮೊದಲೇ ಆಪಾ ಮಲಗಿ ರೆಪ್ಪೆಯನ್ನು ತಾವೇ ಬೆರಳಿನಿಂದ ಅಗಲಿಸಿದರು.

"ಚುಚ್ಚೇ ಮಗಳೇ. ತೋಹಿರ್, ನೀನು ಹೊರಗೆ ಹೋಗು."