ಗೆದ್ದವರು ಯಾರು?

ಸ್ನೇಹಿತರೇ, ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಯಜಮಾನರು ರಾಣೆಬೆನ್ನೂರಿನ ಹತ್ತಿರದ ಗುಡ್ಡದಿಂದ ಪ್ಯಾರಾಗ್ಲೈಡರ್ ಹಾರಿಸುತ್ತಾರೆ. ನಿನ್ನೆಯ ಹಾರಾಟದ ಜಿಪಿಎಸ್ ದಾರಿಯನ್ನು, ಹೆಚ್ಚು ದೂರ ಹಾರಿದವರು ಗೆಲ್ಲುವ ಆನ್‌ಲೈನ್ ಸ್ಪರ್ಧೆಗೆ ಹಾಕಿ ಮೊದಲ ಸ್ಥಾನಕ್ಕೆ ಬಂದಿದ್ದರು. ಇವತ್ತು ತಿಂಡಿ ತಿನ್ನುತ್ತ ತಾವೇ ಅದನ್ನು ಅಳಿಸಿಬಿಟ್ಟರು.

"ಯಾಕ್ರಿ?" ಎಂದೆ.

"ಹಾರಬಾರದ ಜಾಗಾದ ಮೂಲಿ ಒಂಚೂರು ದಾಟೇನಿ. ಈಗ ನಕಾಶೆದಾಗ ಕಾಣ್ತು."

"ಯಾರರ ತಕರಾರು ಮಾಡ್ಯಾರೇನು?"

"ಇಲ್ಲ. ಆದ್ರ ನಾ ನೋಡೇನಲ್ಲ."

ಅಷ್ಟರಲ್ಲಿ ಬ್ಯಾಡಗಿಯಿಂದ ಅವರ ಗೆಳೆಯ ಸಲೀಂ ನನಗೆ ಫೋನ್ ಮಾಡಿದ. ಎರಡನೆಯವನಾಗಿದ್ದವನು ಈಗ ಮೊದಲನೆಯವನು, ಖುಷಿಯಲ್ಲಿರುತ್ತಾನೆ ಅಂದುಕೊಂಡೆ.

"ವೈನಿ, ಅದನ್ನ ತಿರಗಿ ಹಾಕಾಕ ಹೇಳ್ರಿ ಅವರಿಗೆ. ನಾನೂ ಅವರ ಹಿಂದಿಂದನ ಹೋಗಿದ್ದೆ. ಈಗ ನಾನೂ ತಗೀಬೇಕಾಗೈತಿ" ಎಂದು ಗೊಣಗಿದ. ಗೊಣಗುತ್ತಲೇ ತನ್ನದನ್ನೂ ಅಳಿಸಿದ.

ಈಗ ಮೊದಲ ಸ್ಥಾನದಲ್ಲಿ ಹಾವೇರಿಯ ವೀರೇಶ ಇದ್ದಾನೆ. ನಿನ್ನೆ ಅವನು ಹಾರಿದ ಸ್ವಲ್ಪ ಹೊತ್ತಿಗೇ ಗೋವಿನಜೋಳದ ಹೊಲದಲ್ಲಿ ಇಳಿದಿದ್ದ. "ವೈನಿ, ಎಲ್ಲಾರೂ ಕೂಡಿ ಚಾಷ್ಟಿ ಮಾಡಾಕತ್ತೀರೇನ್ರಿ?" ಎಂದು ಅವನೂ ನನ್ನನ್ನೇ ಕೇಳಿದ.

ಮೂವರೂ ಸಂಜೆ ನಮ್ಮ ಮನೆಯಲ್ಲೇ ಸೇರುತ್ತಾರಂತೆ. ಅಭಿನಂದನೆ ಯಾರಿಗೆ, ಸಮಾಧಾನ ಯಾರಿಗೆ ಎಂದು ತಿಳಿಯದೆ ಎಲ್ಲರಿಗೂ ಮಿರ್ಚಿ ಕರಿಯಲು ಹಿಟ್ಟು ಕಲಸುತ್ತಿದ್ದೇನೆ.